ವಾಂತಿ-ಭೇದಿ ಮನೆ ಹೊಕ್ಕಾಗ: ಮುಟ್ಟಿದ ಜಾಗದಿಂದ ವೈರಸ್ ಹರಡದಂತೆ ತಡೆಯುವ ಸಮಗ್ರ ಮಾರ್ಗದರ್ಶಿ

ಎರಡು ವರ್ಷದ ಹಿಂದೆ ದೀಪಾವಳಿಗೆ ನಮ್ಮ ಮನೆಯಲ್ಲಿ ಹನ್ನೊಂದು ಜನ ಸೇರಿದ್ದೆವು. ನರಕ ಚತುರ್ದಶಿಯ ರಾತ್ರಿ ತಂಗಿಯ ಮೂರು ವರ್ಷದ ಮಗಳು ನಡುಮನೆಯ ಚಾಪೆಯ ಮೇಲೆ ವಾಂತಿ ಮಾಡಿಕೊಂಡಳು. ಅಮ್ಮ ಕೈಗೆ ಸಿಕ್ಕ ನೆಲ ಒರೆಸುವ ಬಟ್ಟೆಯಿಂದ ಒರೆಸಿ, ಅದನ್ನು ಬಚ್ಚಲಲ್ಲಿ ಹಿಂಡಿ ಹಾಕಿ, ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಕಜ್ಜಾಯದ ಹಿಟ್ಟು ನಾದಲು ಕೂತರು. ಬಲಿಪಾಡ್ಯಮಿಯ ಹೊತ್ತಿಗೆ ಏಳು ಜನ ಹಾಸಿಗೆ ಹಿಡಿದಿದ್ದರು. ಪರೀಕ್ಷೆ ಮಾಡಿಸಲಿಲ್ಲ. ಒಬ್ಬರಾದ ಮೇಲೆ ಒಬ್ಬರಿಗೆ ಬಂದ ವೇಗ ನೋಡಿ ವೈದ್ಯರು ನೊರೊವೈರಸ್ ಇರಬಹುದು ಎಂದರು.

"ಸ್ಯಾನಿಟೈಸರ್ ಹಚ್ಚಿದ್ದೆನಲ್ಲೇ, ಆದರೂ ಹೇಗೆ ಬಂತು?" ಎಂದು ಅಮ್ಮ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ, ವೈದ್ಯರನ್ನು ಕೇಳಿ, ಮನೆಯಲ್ಲಿ ಮಾಡಿ ನೋಡಿ ತಿಳಿದುಕೊಂಡದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಮನೆಯನ್ನೆಲ್ಲ ಹಗಲೂ ರಾತ್ರಿ ಉಜ್ಜಬೇಕಾಗಿಲ್ಲ. ವೈರಸ್ ಯಾವ ದಾರಿಯಲ್ಲಿ ಬಾಯಿಯವರೆಗೆ ಬರುತ್ತದೆ ಎಂದು ಗೊತ್ತಾದರೆ, ಶ್ರಮವನ್ನು ಆ ದಾರಿಯ ಮೇಲಷ್ಟೇ ಹಾಕಬಹುದು.

ಹೊದಿಕೆ ಇರುವ ವೈರಸ್, ಹೊದಿಕೆ ಇಲ್ಲದ ವೈರಸ್

ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲಿದೆ. ಕೊರೊನಾ, ಫ್ಲೂ ಮುಂತಾದ ವೈರಸ್‌ಗಳ ಮೈಮೇಲೆ ಜಿಡ್ಡಿನ ತೆಳು ಹೊದಿಕೆ ಇರುತ್ತದೆ. ಎಣ್ಣೆ ಬಾಣಲೆಯ ಜಿಡ್ಡನ್ನು ಸೋಪು ಬಿಡಿಸುವ ಹಾಗೆ ಈ ಹೊದಿಕೆಯನ್ನೂ ಸೋಪು ಒಡೆದುಹಾಕುತ್ತದೆ. ಆಲ್ಕೋಹಾಲ್ ಕೂಡ ಒಡೆಯುತ್ತದೆ. ಹೊದಿಕೆ ಹರಿಯಿತೆಂದರೆ ವೈರಸ್ಸಿನ ಕಥೆ ಮುಗಿಯಿತು.

ನೊರೊವೈರಸ್, ರೋಟಾವೈರಸ್, ಕಾಮಾಲೆ ತರುವ ಹೆಪಟೈಟಿಸ್ ಎ, ಮಕ್ಕಳಲ್ಲಿ ಕೈ-ಕಾಲು-ಬಾಯಿ ರೋಗ ತರುವ ಕಾಕ್ಸಾಕಿ ವೈರಸ್, ಇವಕ್ಕೆ ಆ ಹೊದಿಕೆಯೇ ಇಲ್ಲ. ಹೊರಗೆ ಗಟ್ಟಿ ಪ್ರೋಟೀನಿನ ಚಿಪ್ಪು. ಒಡೆಯಲು ಜಿಡ್ಡೇ ಇಲ್ಲದ ಮೇಲೆ ಸೋಪು ಇವನ್ನು ಕೊಲ್ಲುವುದಿಲ್ಲ, ಚರ್ಮದಿಂದ ಸಡಿಲಿಸುತ್ತದೆ. ಸಡಿಲಾದದ್ದನ್ನು ಹರಿಯುವ ನೀರು ಕೊಚ್ಚಿಕೊಂಡು ಹೋಗುತ್ತದೆ. ಸ್ಯಾನಿಟೈಸರ್‌ನಲ್ಲಿ ತೊಳೆದು ಸಾಗಿಸುವ ನೀರಿಲ್ಲ. ಅದರಲ್ಲೂ ನೊರೊವೈರಸ್ ಮೇಲೆ ಅದರ ಪ್ರಭಾವ ತೀರಾ ಕಡಿಮೆ. ಅಮ್ಮನ ಕೈಯಲ್ಲಿದ್ದ ವೈರಸ್ ಕೈಯಲ್ಲೇ ಉಳಿದು ಹಿಟ್ಟಿಗೆ ಹೋಗಿರಬಹುದು. ರೋಗ ಬರಲು ನೊರೊವೈರಸ್ಸಿನ ಕೆಲವೇ ಕಣಗಳು ಸಾಕು, ಒಣನೆಲದ ಮೇಲೂ ಅದು ದಿನಗಟ್ಟಲೆ ಬದುಕಿರುತ್ತದೆ.

ಆದ್ದರಿಂದ ಮನೆಯಲ್ಲಿ ಕೆಮ್ಮು-ನೆಗಡಿ ಇದ್ದರೆ ಒಂದು ಬಗೆ, ವಾಂತಿ-ಭೇದಿ ಇದ್ದರೆ ಇನ್ನೊಂದು ಬಗೆ. ಕೆಮ್ಮು-ಜ್ವರದ ವೈರಸ್ ಹೆಚ್ಚಾಗಿ ಗಾಳಿಯಲ್ಲಿ ಸಾಗುತ್ತದೆ. ಅಲ್ಲಿ ಮೊದಲ ಕೆಲಸ ಕಿಟಕಿ ತೆರೆಯುವುದು ಮತ್ತು ಮಾಸ್ಕ್. ವಾಂತಿ-ಭೇದಿಯ ವೈರಸ್ ಕೈ, ನೆಲ, ನಲ್ಲಿ, ಅನ್ನದ ಮೂಲಕ ಸಾಗುತ್ತದೆ. ಈ ಬರಹದ ಹೆಚ್ಚಿನ ಭಾಗ ಈ ಎರಡನೆಯದರ ಬಗ್ಗೆ.

ಹಂತ 1: ಕೈ ತೊಳೆಯುವ ಹೊತ್ತನ್ನು ಗೊತ್ತು ಮಾಡಿಕೊಳ್ಳಿ

ಎಷ್ಟು ಸಲ ತೊಳೆದಿರಿ ಎನ್ನುವುದಕ್ಕಿಂತ ಯಾವಾಗ ತೊಳೆದಿರಿ ಎನ್ನುವುದು ಮುಖ್ಯ. ಶೌಚಕ್ಕೆ ಹೋಗಿ ಬಂದ ಮೇಲೆ. ಮಗುವಿನ ಕಕ್ಕ ತೊಳೆದ ಮೇಲೆ, ಡಯಾಪರ್ ಬದಲಿಸಿದ ಮೇಲೆ. ಅಡುಗೆಗೆ ಕೈ ಹಾಕುವ ಮುಂಚೆ. ಊಟಕ್ಕೆ ಕೂರುವ ಮುಂಚೆ, ಮಗುವಿಗೆ ತುತ್ತು ಕೊಡುವ ಮುಂಚೆ. ಹೊರಗಿನಿಂದ ಬಂದ ತಕ್ಷಣ. ರೋಗಿಯ ಬಟ್ಟೆ, ಪಾತ್ರೆ ಮುಟ್ಟಿದ ಮೇಲೆ. ನಾವು ಕೈಯಲ್ಲೇ ಕಲಸಿ ಉಣ್ಣುವವರು. ಚಮಚದಲ್ಲಿ ತಿನ್ನುವವರಿಗಿಂತ ನಮಗೆ ಊಟದ ಮುಂಚಿನ ಸೋಪು ಹೆಚ್ಚು ಬೇಕು. ಎಷ್ಟೋ ಮನೆಗಳಲ್ಲಿ ಊಟದ ಮುಂಚೆ ಬರೀ ನೀರಿನಲ್ಲಿ ಬೆರಳು ನೆನೆಸಿ, ಊಟ ಆದಮೇಲೆ ಜಿಡ್ಡು ಹೋಗಲೆಂದು ಸೋಪು ಹಾಕುತ್ತೇವೆ. ಇದನ್ನು ತಿರುಗಿಸಬೇಕು.

ಕೈ ಮುಖಕ್ಕೆ ಹೋಗುವುದನ್ನು ಪೂರ್ತಿ ನಿಲ್ಲಿಸಲು ಯಾರಿಂದಲೂ ಆಗದು. ಸಿಡ್ನಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಗಂಟೆಗೆ ಸರಾಸರಿ 23 ಸಲ ಮುಖ ಮುಟ್ಟಿಕೊಂಡಿದ್ದರು. ರೋಗದ ಬಗ್ಗೆ ಓದುವವರದ್ದೇ ಈ ಲೆಕ್ಕ. ಹಾಗಾಗಿ "ಮುಖ ಮುಟ್ಟಬೇಡ" ಎಂದು ಮಕ್ಕಳನ್ನು ಗದರಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಮುಖಕ್ಕೆ ಹೋಗುವ ಕೈ ಚೊಕ್ಕವಾಗಿದ್ದರೆ ಸಾಕು.

ಹಂತ 2: ಪೂರ್ತಿ ಕೈ ತೊಳೆಯಿರಿ

ಕೈ ಒದ್ದೆ ಮಾಡಿ, ಸೋಪು ಹಚ್ಚಿ, ನಲ್ಲಿ ನಿಲ್ಲಿಸಿ. ನೀರಿನ ಅಭಾವವಿರುವ ಊರಿನಲ್ಲಿ ಇದೊಂದೇ ಅಭ್ಯಾಸ ಎಷ್ಟೋ ನೀರು ಉಳಿಸುತ್ತದೆ. ಅಂಗೈ, ಮುಂಗೈ, ಬೆರಳ ಸಂದಿ, ಆಮೇಲೆ ಎರಡೂ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು ತಿರುವಿ. ಕೊನೆಗೆ ಉಗುರಿನ ತುದಿಗಳನ್ನು ಇನ್ನೊಂದು ಅಂಗೈಗೆ ಕೆರೆದು ಉಜ್ಜಿ. ಹೆಬ್ಬೆರಳು ಮತ್ತು ಉಗುರು, ಇವೆರಡೇ ಹೆಚ್ಚಾಗಿ ತಪ್ಪಿಹೋಗುವುದು. ಅನ್ನ ಕಲಸುವುದೂ ಇವುಗಳಿಂದಲೇ. ಉಂಗುರ ಸರಿಸಿ, ಬಳೆಯನ್ನು ಮೇಲಕ್ಕೇರಿಸಿ. ಉಜ್ಜುವುದು ಕನಿಷ್ಠ 20 ಸೆಕೆಂಡ್. ಒಂದರಿಂದ ಇಪ್ಪತ್ತರವರೆಗೆ ನಿಧಾನವಾಗಿ ಎಣಿಸಿದರೆ ಸರಿಹೋಗುತ್ತದೆ. ಬಿಸಿನೀರೇ ಆಗಬೇಕೆಂದಿಲ್ಲ. ಬಟ್ಟೆ ಸೋಪಾದರೂ ನಡೆಯುತ್ತದೆ.

ಒದ್ದೆ ಕೈ ಒಣಗಿದ ಕೈಗಿಂತ ಹೆಚ್ಚು ಸೂಕ್ಷ್ಮಜೀವಿಗಳನ್ನು ಹಿಡಿದುಕೊಳ್ಳುತ್ತದೆ, ಅಂಟಿಸುತ್ತದೆ. ತೊಳೆದ ಕೈಯನ್ನು ಸೆರಗಿಗೋ, ಲುಂಗಿಗೋ, ಅಡುಗೆಮನೆಯ ಮಸಿಬಟ್ಟೆಗೋ ಒರೆಸಿಕೊಂಡರೆ ತೊಳೆದದ್ದು ವ್ಯರ್ಥ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದ ದಿನಗಳಲ್ಲಿ ಒಬ್ಬೊಬ್ಬರಿಗೂ ಬೇರೆ ಕೈವಸ್ತ್ರ ಇಡಿ, ದಿನಾ ಒಗೆಯಿರಿ. ಹಳೆಯ ಹತ್ತಿ ಸೀರೆ, ಪಂಚೆ ಹರಿದು ಮಾಡಿದ ಚೌಕಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತವೆ.

ಸೋಪಿನ ಜಾಗದ ಬಗ್ಗೆ ಒಂದು ಮಾತು. ನಮ್ಮ ಮನೆಯಲ್ಲಿ ಶೌಚಾಲಯ ಒಂದು ಕಡೆ, ಕೈ ತೊಳೆಯುವ ಬೇಸಿನ್ ಊಟದ ಮೇಜಿನ ಪಕ್ಕ. ಅಂದರೆ ಎಡಗೈ ತೊಳೆದುಕೊಂಡವರು ಸೋಪು ಸಿಗುವ ಮುಂಚೆ ಒಳಗಿನ ನಲ್ಲಿ, ಚಿಲಕ, ಹೊರಗೋಡೆಯ ಲೈಟ್ ಸ್ವಿಚ್ ಎಲ್ಲವನ್ನೂ ಮುಟ್ಟಿಯೇ ಬರಬೇಕಿತ್ತು. ಈಗ ಶೌಚಾಲಯದ ಒಳಗಿನ ನಲ್ಲಿಯ ಪಕ್ಕದಲ್ಲೇ ತೂತಿನ ಡಬ್ಬಿಯಲ್ಲಿ ಸೋಪು ಇದೆ. ನಾವು ಮಾಡಿದ ಬದಲಾವಣೆಗಳಲ್ಲಿ ಅತಿ ಅಗ್ಗದ್ದು ಇದೇ, ಅತಿ ಉಪಯೋಗಕ್ಕೆ ಬಂದದ್ದೂ ಇದೇ ಎಂದು ನನ್ನ ಅನಿಸಿಕೆ.

ಹಂತ 3: ಸ್ಯಾನಿಟೈಸರ್‌ಗೆ ಅದರ ಜಾಗ ಕೊಡಿ

ಬಸ್ಸಿಳಿದಾಗ, ಆಸ್ಪತ್ರೆಯ ವಾರ್ಡಿನಿಂದ ಹೊರಬಂದಾಗ, ನೀರು ಸಿಗದ ಕಡೆ ಅದು ಒಳ್ಳೆಯ ಆಸರೆ. ಆಲ್ಕೋಹಾಲ್ ಕನಿಷ್ಠ ಶೇ. 60 ಇರಬೇಕು, ಲೇಬಲ್ ಓದಿ ಕೊಳ್ಳಿ. ಎರಡೂ ಕೈ ಪೂರ್ತಿ ಒದ್ದೆಯಾಗುವಷ್ಟು ಹಾಕಿಕೊಂಡು, ತಾನಾಗಿ ಆರುವವರೆಗೆ ಉಜ್ಜಿ. ಕೈಯಲ್ಲಿ ಮಣ್ಣು, ಜಿಡ್ಡು ಇದ್ದರೆ ಕೆಲಸ ಮಾಡದು. ಒಲೆಯ ಹತ್ತಿರ, ದೀಪ ಹಚ್ಚುವ ಮುಂಚೆ ಬೇಡವೇ ಬೇಡ. ವಾಂತಿ-ಭೇದಿ ಇರುವ ಮನೆಯಲ್ಲಿ ಅದನ್ನು ಮರೆತು ಸೋಪು ಹಿಡಿಯಿರಿ.

ಹಂತ 4: ಮನೆಯೊಳಗೆ ಒಂದು ಸುತ್ತು ಹಾಕಿ

ಒಂದು ದಿನ ಬೆಳಗ್ಗೆ ಏಳುವಾಗಿನಿಂದ ತಿಂಡಿ ತಿನ್ನುವವರೆಗೆ ನಿಮ್ಮ ಕೈ ಎಲ್ಲೆಲ್ಲಿ ಹೋಗುತ್ತದೆ ಎಂದು ಗಮನಿಸಿ. ಮೊಬೈಲ್, ಚಿಲಕ, ಸ್ವಿಚ್, ಶೌಚಾಲಯದ ಮಗ್ಗಿನ ಹಿಡಿ, ಫ್ಲಶ್ ಗುಂಡಿ, ನಲ್ಲಿ, ಫ್ರಿಜ್ಜಿನ ಹಿಡಿ, ಹಾಲಿನ ಪಾತ್ರೆ, ಗ್ಯಾಸ್ ಲೈಟರ್, ನೀರಿನ ಫಿಲ್ಟರಿನ ನಲ್ಲಿ, ಟಿವಿ ರಿಮೋಟ್. ಎಲ್ಲರ ಕೈಯೂ ಬೀಳುವ ಜಾಗಗಳು ಇಷ್ಟೇ. ಗೋಡೆ, ಕಿಟಕಿ ಸರಳು, ಅಟ್ಟಕ್ಕೆ ಸಮಯ ಕೊಡಬೇಕಾಗಿಲ್ಲ.

ಮನೆಯವರೆಲ್ಲ ಆರೋಗ್ಯವಾಗಿದ್ದಾಗ ಈ ಜಾಗಗಳನ್ನು ಸೋಪು ನೀರಿನ ಬಟ್ಟೆಯಿಂದ ವಾರಕ್ಕೆರಡು ಸಲ ಒರೆಸಿದರೆ ಸಾಕು. ಯಾರಿಗಾದರೂ ಹುಷಾರು ತಪ್ಪಿದರೆ ದಿನಕ್ಕೆ ಎರಡು ಸಲ. ಸ್ವಿಚ್ಚಿಗೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ, ಮೇನ್ ಆಫ್ ಮಾಡಿ ಒರೆಸಿ, ನೇರವಾಗಿ ಸಿಂಪಡಿಸಬೇಡಿ. ಮೊಬೈಲನ್ನು ಆಫ್ ಮಾಡಿ, ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿದ ಮೃದು ಬಟ್ಟೆಯಿಂದ ಒರೆಸಿ. ಅದಕ್ಕೆ ಬ್ಲೀಚ್ ತಾಗಿಸಬೇಡಿ. ಶೌಚಾಲಯಕ್ಕೆ ಮೊಬೈಲ್ ಒಯ್ಯುವ ಅಭ್ಯಾಸವನ್ನಂತೂ ಇವತ್ತೇ ಬಿಡಿ. ತೊಳೆದ ಕೈ ಮತ್ತೆ ಅದೇ ಮೊಬೈಲನ್ನು ಹಿಡಿಯುತ್ತದೆ.

ಶೌಚಾಲಯದ ಬಟ್ಟೆ ಶೌಚಾಲಯಕ್ಕೇ, ಅಡುಗೆಮನೆಯದು ಅಡುಗೆಮನೆಗೇ. ಬಣ್ಣ ಬೇರೆ ಇದ್ದರೆ ಅದಲುಬದಲಾಗುವುದಿಲ್ಲ.

ಹಂತ 5: ಬ್ಲೀಚಿಂಗ್ ದ್ರಾವಣದ ಲೆಕ್ಕ

ವಿಯೆನ್ನಾದ ಆಸ್ಪತ್ರೆಯಲ್ಲಿ 1847ರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಹೆರಿಗೆ ಮಾಡಿಸುವವರೆಲ್ಲ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟುನಿಟ್ಟು ಮಾಡಿದರು. ಬಾಣಂತಿಯರ ಸಾವು ಇಳಿಯಿತು. ಆ ಕ್ಲೋರಿನ್ ಸುಣ್ಣವೇ ನಮ್ಮ ಪಂಚಾಯಿತಿಯವರು ಚರಂಡಿ ಬದಿಗೆ ಚೆಲ್ಲುವ ಬಿಳಿ ಬ್ಲೀಚಿಂಗ್ ಪೌಡರ್. ಇವತ್ತು ಅದನ್ನು ಕೈಗೆ ಬಳಸಬಾರದು, ಚರ್ಮ ಸುಡುತ್ತದೆ. ಆದರೆ ನೆಲಕ್ಕೆ, ಶೌಚಾಲಯಕ್ಕೆ ಹೊದಿಕೆಯಿಲ್ಲದ ವೈರಸ್ಸನ್ನೂ ಕೊಲ್ಲುವ ಅಗ್ಗದ ವಸ್ತು ಇದು.

ತಾಜಾ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು ಶೇ. 30-33 ಕ್ಲೋರಿನ್ ಇರುತ್ತದೆ. 1 ಲೀಟರ್ ನೀರಿಗೆ ಸುಮಾರು 3 ಗ್ರಾಂ, ಅಂದರೆ ತಲೆ ಸವರಿದ ಒಂದು ಟೀ ಚಮಚ ಹಾಕಿದರೆ ಶೇ. 0.1ರ ದ್ರಾವಣ. ನಲ್ಲಿ, ಚಿಲಕ, ನೆಲಕ್ಕೆ ಇದು ಸಾಕು. ವಾಂತಿ, ಭೇದಿ ಬಿದ್ದ ಜಾಗಕ್ಕೆ 1 ಲೀಟರಿಗೆ 15 ಗ್ರಾಂ, ಅಂದರೆ ಅಂಥ ಐದು ಚಮಚ, ಇದು ಶೇ. 0.5. ಅಂಗಡಿಯಲ್ಲಿ ಸಿಗುವ ದ್ರವ ಬ್ಲೀಚ್ ಶೇ. 5ರದ್ದಾದರೆ ಮೊದಲನೆಯದಕ್ಕೆ 20 ಮಿ.ಲೀ., ಎರಡನೆಯದಕ್ಕೆ 100 ಮಿ.ಲೀ. ತೆಗೆದುಕೊಂಡು, ನೀರು ಸೇರಿಸಿ ಒಟ್ಟು 1 ಲೀಟರ್ ಮಾಡಿ. ಪುಡಿಯನ್ನು ಕಲಕಿ ಸ್ವಲ್ಪ ಹೊತ್ತು ಬಿಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಬಳಸಿ. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು. ಅಳೆದ ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು.

ಬಿಸಿನೀರು, ಬಿಸಿಲು ಎರಡೂ ಕ್ಲೋರಿನ್ನನ್ನು ಹಾರಿಸಿಬಿಡುತ್ತವೆ. ತಣ್ಣೀರಿನಲ್ಲಿ ಕಲಸಿ, ಅಂದಿನದನ್ನು ಅಂದೇ ಬಳಸಿ. ಬಾಯಿ ತೆರೆದಿಟ್ಟ ಹಳೆಯ ಪುಡಿಯಲ್ಲಿ ಶಕ್ತಿ ಉಳಿದಿರುವುದಿಲ್ಲ. ಮೂಗಿಗೆ ಘಾಟು ಬರದಿದ್ದರೆ ಬಿಸಾಡಿ.

ಇನ್ನು ಹೇಳುವುದನ್ನು ಮನೆಯ ಎಲ್ಲರಿಗೂ, ಮನೆಕೆಲಸಕ್ಕೆ ಬರುವವರಿಗೂ ಬಿಡಿಸಿ ಹೇಳಿ. ಬ್ಲೀಚನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಎಂದಿಗೂ ಬೆರೆಸಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿಯಿಲ್ಲದ ಸಣ್ಣ ಶೌಚಾಲಯದಲ್ಲಿ ಅದು ಶ್ವಾಸಕೋಶ ಸುಟ್ಟು ಪ್ರಾಣಕ್ಕೇ ಎರವಾಗಬಹುದು. ವಿನೆಗರ್, ಅಮೋನಿಯಾ ಇರುವ ಕ್ಲೀನರ್ ಜೊತೆಯೂ ಬೇಡ. ಆಸಿಡ್ ಹಾಕಿದ ದಿನ ಬ್ಲೀಚ್ ಮುಟ್ಟಬೇಡಿ.

ಹಂತ 6: ವಾಂತಿ ಬಿದ್ದಾಗ ಏನು ಮಾಡಬೇಕು

ಮೊದಲು ಮಗುವನ್ನು ಎತ್ತಿಕೊಳ್ಳಿ, ಬಾಯಿ ತೊಳೆಸಿ, ಬಟ್ಟೆ ಬದಲಿಸಿ, ಸಮಾಧಾನ ಮಾಡಿ. ವಾಂತಿ ಮಾಡಿಕೊಂಡವರಿಗೆ ಭಯ, ನಾಚಿಕೆ ಎರಡೂ ಇರುತ್ತವೆ, ಗದರಬೇಡಿ. ಇನ್ನೊಬ್ಬರು ಉಳಿದ ಮಕ್ಕಳನ್ನು ಬೇರೆ ಕೋಣೆಗೆ ಕಳಿಸಿ ಕಿಟಕಿ ತೆರೆಯಲಿ. ಫ್ಯಾನ್ ನಿಲ್ಲಿಸಿ.

ಒರೆಸುವವರು ಮಾಸ್ಕ್ ಮತ್ತು ಗ್ಲೌಸ್ ಹಾಕಿಕೊಳ್ಳಲಿ. ಗ್ಲೌಸ್ ಇಲ್ಲದಿದ್ದರೆ ಎರಡು ಪ್ಲಾಸ್ಟಿಕ್ ಕವರನ್ನು ಕೈಗೆ ಕಟ್ಟಿಕೊಳ್ಳಿ. ನೇರವಾಗಿ ಮಾಪ್ ಎಳೆದರೆ ವೈರಸ್ಸನ್ನು ನಡುಮನೆ ತುಂಬ ಬಳಿದ ಹಾಗೆ. ಹಳೆಯ ಪೇಪರ್ ಹಾಸಿ, ಒದ್ದೆ ಹೀರಲು ಬಿಡಿ. ಹಳ್ಳಿಮನೆಗಳಲ್ಲಿ ಬೂದಿ ಅಥವಾ ಮರಳು ಹಾಕಿ ಗೋರುವ ರೂಢಿಯೂ ಸರಿಯೇ. ಹೊರ ಅಂಚಿನಿಂದ ಒಳಕ್ಕೆ ಗೋರಿಕೊಂಡು ಬಂದು ಕವರಿಗೆ ಹಾಕಿ, ಕಟ್ಟಿ, ಇನ್ನೊಂದು ಕವರಿನಲ್ಲಿಟ್ಟು ಕಟ್ಟಿ.

ಆಮೇಲೆ ಸೋಪು ನೀರಿನಿಂದ ಆ ಜಾಗ ತೊಳೆಯಿರಿ. ಕೊಳೆ ಉಳಿದಿದ್ದರೆ ಕ್ಲೋರಿನ್ ಆ ಕೊಳೆಯ ಮೇಲೇ ಖರ್ಚಾಗಿ ವೈರಸ್ ತಪ್ಪಿಸಿಕೊಳ್ಳುತ್ತದೆ, ಅದಕ್ಕೇ ಸೋಪು ಮೊದಲು. ನಂತರ ಶೇ. 0.5ರ ದ್ರಾವಣ ಹರಡಿ 10 ನಿಮಿಷ ಹಾಗೇ ಬಿಡಿ. ಎಲ್ಲರೂ ಎಡವುವುದು ಇಲ್ಲೇ: ಹಾಕಿದ ಮರುಕ್ಷಣ ಒರೆಸಿಬಿಡುತ್ತೇವೆ. ನೆಲ ಹತ್ತು ನಿಮಿಷ ಒದ್ದೆಯಾಗಿರಬೇಕು. ಕೊನೆಗೆ ಬರೀ ನೀರು. ವಾಂತಿಯ ಹನಿಗಳು ಕಣ್ಣಿಗೆ ಕಾಣದಷ್ಟು ದೂರ ಸಿಡಿಯುತ್ತವೆ. ಸುತ್ತ ಎರಡು ಮೀಟರ್ ನೆಲ, ಕುರ್ಚಿ ಕಾಲು, ಬಾಗಿಲಿನ ಕೆಳಭಾಗ ಎಲ್ಲವೂ ಲೆಕ್ಕಕ್ಕೆ ಸೇರಲಿ. ಅಲ್ಲೇ ತೆರೆದಿಟ್ಟಿದ್ದ ತಿಂಡಿ, ಹಣ್ಣಿನ ಹೋಳು ಎಷ್ಟೇ ಇದ್ದರೂ ಹೊಟ್ಟೆ ಉರಿದುಕೊಳ್ಳದೆ ಬಿಸಾಡಿ.

ಬಟ್ಟೆ, ಹೊದಿಕೆಯನ್ನು ಕೊಡವಬೇಡಿ. ಸುತ್ತಿಕೊಂಡು ಹೋಗಿ, ಬೇರೆಯಾಗಿ, ಸಾಧ್ಯವಾದಷ್ಟು ಬಿಸಿ ನೀರು ಮತ್ತು ಡಿಟರ್ಜೆಂಟಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಬಿಳಿ ಹತ್ತಿ ಬಟ್ಟೆಯಾದರೆ ಒಗೆದ ಮೇಲೆ ಶೇ. 0.1ರ ದ್ರಾವಣದಲ್ಲಿ ಅರ್ಧ ಗಂಟೆ ನೆನೆಸಿ; ಬಣ್ಣದ್ದು ಮಾಸಿಹೋಗುತ್ತದೆ. ಹಾಸಿಗೆಗೆ ಬ್ಲೀಚ್ ಆಗದು. ಸೋಪು ನೀರಿನಲ್ಲಿ ಉಜ್ಜಿ, ಎರಡು ದಿನ ಚೆನ್ನಾಗಿ ಬಿಸಿಲು ಕಾಣಿಸಿ. ಒರೆಸಿದ ಬಟ್ಟೆಯನ್ನೂ ಕವರಿಗೇ ಹಾಕಿ, ಅದರ ಆಸೆ ಬೇಡ. ಗ್ಲೌಸ್ ತೆಗೆದು ಸೋಪಿನಲ್ಲಿ ಕೈ ತೊಳೆಯಿರಿ. ಸಾಧ್ಯವಾದರೆ ಸ್ನಾನ ಮಾಡಿ.

ಹಂತ 7: ಆಮೇಲಿನ ದಿನಗಳು

ವಾಂತಿ-ಭೇದಿ ನಿಂತ ಮೇಲೂ ಎರಡು ದಿನ ಆ ವ್ಯಕ್ತಿ ಅಡುಗೆ ಮಾಡಬಾರದು, ಬಡಿಸಬಾರದು. ಮನೆಯ ಹೆಂಗಸರಿಗೆ ಬಂದಾಗ ಈ ನಿಯಮ ಮುರಿಯುತ್ತದೆ. ಏಳಲು ಆದ ಕೂಡಲೇ ಒಲೆ ಮುಂದೆ ನಿಲ್ಲುತ್ತಾರೆ. ಉಳಿದವರು ಗಂಜಿ ಬೇಯಿಸಿದರೆ ಅವರಿಗೂ ವಿಶ್ರಾಂತಿ, ಮನೆಯವರಿಗೂ ಕ್ಷೇಮ. ಮಲದಲ್ಲಿ ವೈರಸ್ ಇನ್ನೂ ಎರಡು ವಾರ ಹೋಗುತ್ತಿರಬಹುದು, ಹಾಗಾಗಿ ಶೌಚದ ನಂತರದ ಸೋಪಿನಲ್ಲಿ ಅಷ್ಟು ದಿನವೂ ಸಡಿಲ ಬೇಡ. ಕಮೋಡ್ ಆದರೆ ಮುಚ್ಚಳ ಹಾಕಿ ಫ್ಲಶ್ ಮಾಡಿ. ರೋಗಿಗೆ ಬೇರೆ ಶೌಚಾಲಯ ಇಲ್ಲದಿದ್ದರೆ ಅವರು ಬಳಸಿದ ಮೇಲೆ ಮಗ್ಗಿನ ಹಿಡಿ, ನಲ್ಲಿ, ಚಿಲಕಕ್ಕೆ ಶೇ. 0.1ರ ದ್ರಾವಣದ ಬಟ್ಟೆ ಆಡಿಸಿ.

ಇದು ಮಡಿ-ಮೈಲಿಗೆಯ ಲೆಕ್ಕವಲ್ಲ ಎಂಬುದನ್ನು ಒತ್ತಿ ಹೇಳಬೇಕು. ಮನೆಕೆಲಸದವರಿಗೆ ವರ್ಷವಿಡೀ ಬೇರೆ ಲೋಟ ಇಡುವುದರಿಂದ ಯಾವ ವೈರಸ್ಸೂ ನಿಲ್ಲುವುದಿಲ್ಲ. ಅವರಿಗೂ ಸೋಪು, ಗ್ಲೌಸ್ ಕೊಡಿ. ಮನೆಯಲ್ಲಿ ರೋಗ ಇದ್ದರೆ ಮುಂಚೆಯೇ ತಿಳಿಸಿ, ಸಂಬಳ ಕಡಿಯದೆ ರಜೆ ಕೊಡಿ.

ಮಗುವಿಗೆ ಓಆರ್‌ಎಸ್ ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ ಚಮಚ ಚಮಚವಾಗಿ ಕುಡಿಸುತ್ತಿರಿ. ಎದೆಹಾಲು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಆರು ಗಂಟೆ ಮೂತ್ರ ಬರದಿದ್ದರೆ, ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಆಂಟಿಬಯಾಟಿಕ್ ವೈರಸ್ ಮೇಲೆ ಕೆಲಸ ಮಾಡುವುದಿಲ್ಲ. ಇನ್ನು ರೋಟಾವೈರಸ್‌ಗೆ ಲಸಿಕೆಯೇ ಇದೆ: ಸರ್ಕಾರಿ ಆಸ್ಪತ್ರೆಯಲ್ಲಿ 6, 10, 14ನೇ ವಾರಕ್ಕೆ ಬಾಯಿಗೆ ಹಾಕುತ್ತಾರೆ, ಉಚಿತ.

ಹಂತ 8: ಹೊರಗೆ ಹೋದಾಗ

ಬಸ್ಸಿನ ಸರಳು, ಎಟಿಎಂ ಗುಂಡಿ, ಲಿಫ್ಟ್, ನೋಟು ಇವನ್ನು ಮುಟ್ಟದೆ ಬದುಕಲು ಆಗದು. ಮುಟ್ಟಿದ ಕೈ ಬಾಯಿಗೆ ಹೋಗುವ ಮುಂಚೆ ಸೋಪು ಕಾಣಲಿ. ನೋಟು ಎಣಿಸಲು, ಟಿಕೆಟ್ ಹರಿಯಲು, ಪುಟ ತಿರುವಲು ಬೆರಳಿಗೆ ಎಂಜಲು ಹಚ್ಚುವುದು ನಮ್ಮಲ್ಲಿ ಬೇರೂರಿದೆ. ಇದರಲ್ಲಿ ಎರಡು ಕಡೆಗೂ ರೋಗ ದಾಟುತ್ತದೆ. ಕ್ಯಾಶ್ ಮುಂದೆ ಕೂರುವವರಾದರೆ ಒದ್ದೆ ಸ್ಪಂಜಿನ ಡಬ್ಬಿ ಇಟ್ಟುಕೊಳ್ಳಿ. ಕವರಿಗೆ ಬಾಯಲ್ಲಿ ಊದಿ ಬಿಡಿಸುವ ಅಂಗಡಿಯವರಿಗೆ ಮೆಲ್ಲಗೆ ಹೇಳಿ, ಇಲ್ಲವೇ ಕೈಚೀಲ ಒಯ್ಯಿರಿ. ಪಾನಿಪುರಿ ಗಾಡಿಯ ಹತ್ತಿರ ಸೋಪು, ನೀರು ಇದೆಯೇ ಎಂದು ಒಮ್ಮೆ ನೋಡಿ, ಆಮೇಲೆ ನಿರ್ಧರಿಸಿ. ಮದುವೆ, ಜಾತ್ರೆಯ ಊಟದಲ್ಲಿ ಬಡಿಸಲು ನಿಲ್ಲುವ ಹುರುಪು ಒಳ್ಳೆಯದೇ. ಹೊಟ್ಟೆ ಕೆಟ್ಟು ಎರಡು ದಿನ ಕಳೆದಿಲ್ಲವೆಂದರೆ ಮಾತ್ರ ಪಂಕ್ತಿಯಿಂದ ದೂರ ನಿಂತು ಬೇರೆ ಕೆಲಸ ನೋಡಿಕೊಳ್ಳಿ.

ಬಿಟ್ಟುಬಿಡಬಹುದಾದ ಕೆಲಸಗಳು

2020ರಲ್ಲಿ ಹಾಲಿನ ಪ್ಯಾಕೆಟ್ಟನ್ನು, ತರಕಾರಿಯನ್ನು ಸೋಪಿನಲ್ಲಿ ತೊಳೆದದ್ದು ನೆನಪಿರಬಹುದು. ಆ ವರ್ಷ ಪ್ರಯೋಗಾಲಯದ ಅಧ್ಯಯನವೊಂದರಲ್ಲಿ ಕೊರೊನಾ ವೈರಸ್ ಪ್ಲಾಸ್ಟಿಕ್ ಮೇಲೆ 72 ಗಂಟೆ, ರಟ್ಟಿನ ಮೇಲೆ 24 ಗಂಟೆ, ತಾಮ್ರದ ಮೇಲೆ 4 ಗಂಟೆಯವರೆಗೆ ಪತ್ತೆಯಾಗಿತ್ತು. ಪತ್ತೆಯಾಗುವುದೇ ಬೇರೆ, ರೋಗ ತರುವುದೇ ಬೇರೆ. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು, ಕೊರೊನಾ ಅಂಟಿದ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ಸೋಂಕು ತಗಲುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂದು ಹೇಳಿತು. ತರಕಾರಿಗೆ ಹರಿಯುವ ನೀರು ಸಾಕು. ಸೋಪು ಹೊಟ್ಟೆಗೆ ಹೋದರೆ ಅದೇ ತೊಂದರೆ. ಮನುಷ್ಯರ ಮೈಮೇಲೆ ಸೋಂಕುನಾಶಕ ಸಿಂಪಡಿಸುವುದು ಅಪಾಯ. ಕೀಟಾಣು ಕೊಲ್ಲುತ್ತದೆಂದು ಹೆಚ್ಚು ಬೆಲೆ ಹೇಳುವ ಸೋಪು ವೈರಸ್ ವಿಷಯದಲ್ಲಿ ಸಾದಾ ಸೋಪಿಗಿಂತ ಮೇಲೇನಲ್ಲ.

ಒಂದು ಬಕೆಟ್ ಸಿದ್ಧವಿರಲಿ

ರಾತ್ರಿ ಎರಡು ಗಂಟೆಗೆ ಮಗು ವಾಂತಿ ಮಾಡಿದಾಗ ಯಾವುದನ್ನೂ ಹುಡುಕಲು ಆಗುವುದಿಲ್ಲ. ನಮ್ಮ ಬಚ್ಚಲಿನ ಮೇಲಿನ ಹಲಗೆಯಲ್ಲಿ, ಮಕ್ಕಳ ಕೈಗೆ ಎಟುಕದ ಹಾಗೆ, ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ ಇದೆ. ಅದರಲ್ಲಿ ಎರಡು ಜೊತೆ ಗ್ಲೌಸ್, ನಾಲ್ಕು ಮಾಸ್ಕ್, ಹಳೆಯ ಪೇಪರಿನ ಕಟ್ಟು, ಹರಿದ ಸೀರೆಯ ತುಂಡುಗಳು, ಗಟ್ಟಿ ಕವರುಗಳು, ಒಂದು ಸೋಪು, ಓಆರ್‌ಎಸ್ ಪೊಟ್ಟಣಗಳು ಬೇರೆ ಡಬ್ಬಿಯಲ್ಲಿ. ಬ್ಲೀಚಿಂಗ್ ಪೌಡರ್ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಕೆಟ್ಟಿನ ಹೊರಗೆ, ಪಕ್ಕದಲ್ಲಿ. ಚಮಚವನ್ನು ಆ ಡಬ್ಬಿಗೇ ದಾರದಲ್ಲಿ ಕಟ್ಟಿದೆ. ಬಕೆಟ್ಟಿನ ಮೇಲೆ ಅಮ್ಮ ತಮ್ಮ ದುಂಡು ಅಕ್ಷರದಲ್ಲಿ ಬರೆದು ಅಂಟಿಸಿದ ಚೀಟಿ: "ನೆಲಕ್ಕೆ ಲೀಟರಿಗೆ ಒಂದು ಚಮಚ. ವಾಂತಿಗೆ ಐದು. ಹತ್ತು ನಿಮಿಷ ಕಾಯಿ. ಆಸಿಡ್ ಜೊತೆ ಬೇಡ." ಕೆಳಗೆ ಪುಡಿ ಕೊಂಡ ತಿಂಗಳು. ಆರು ತಿಂಗಳಿಗೊಮ್ಮೆ ಅವರೇ ಹೊಸ ಪುಡಿ ತರಿಸಿ ತಾರೀಖು ತಿದ್ದುತ್ತಾರೆ.